ಬಯಲಾಟದ ರಾತ್ರಿಗೆ ಎಂಥ ಕ್ಯಾಮ್‌ಕಾರ್ಡರ್ ಬೇಕು?

ಪ್ರಶ್ನೆ: ನಾನು ಜಗಳೂರು ಕಡೆಯ ಒಂದು ಹಳ್ಳಿಯ ನಿವೃತ್ತ ಮೇಷ್ಟ್ರು. ಸುಗ್ಗಿ ಮುಗಿದ ಮೇಲೆ ನಮ್ಮೂರಲ್ಲಿ ಬಯಲಾಟ ಆಡುತ್ತಾರೆ. ರಾತ್ರಿ ಹತ್ತಕ್ಕೆ ಶುರುವಾದರೆ ಬೆಳಗಿನ ಜಾವದವರೆಗೆ. ಭಾಗವತರಿಗೆ ಎಪ್ಪತ್ತು ದಾಟಿದೆ. ಅವರ ಪದಗಳನ್ನು ಹಿಡಿದಿಡಬೇಕು ಅಂತ ಹೋದ ವರ್ಷ ತಮ್ಮನ ಮಗನ ಹ್ಯಾಂಡಿಕ್ಯಾಮ್ ತಂದು ಇಟ್ಟೆವು. ಅರ್ಧ ರಾತ್ರಿ ಅದರ ಮೈಕಿನಲ್ಲೇ ಹಿಡಿದೆವು. ಚಿತ್ರ ಚೆನ್ನಾಗಿದೆ. ಆದರೆ ಮದ್ದಳೆ ಬಿದ್ದ ಕೂಡಲೇ ಪದ ಮುಳುಗುತ್ತದೆ, ಮದ್ದಳೆ ನಿಂತ ಕೂಡಲೇ ಜನರೇಟರ್ ಸದ್ದು ಎದ್ದು ಬರುತ್ತದೆ. ಆಮೇಲೆ ಮೈಕ್ ಸೆಟ್ ಹುಡುಗ ಮಿಕ್ಸರ್‌ನಿಂದ ಒಂದು ವೈರ್ ಎಳೆದು, ಗುಂಡಿ ತೀರಾ ಕೆಳಗೆ ಇಟ್ಟು, ಕ್ಯಾಮರಾಕ್ಕೆ ಚುಚ್ಚಿದ. ಆ ಅರ್ಧ ಟಿವಿಯಲ್ಲಿ ಒಂಥರಾ ಕೇಳುತ್ತದೆ. ನನ್ನ ಫೋನಿನಲ್ಲಿ ಹಾಕಿದರೆ ಸದ್ದೇ ಇಲ್ಲ! ಈ ಸಲ ಸ್ವಂತದ್ದು ಕೊಳ್ಳಬೇಕು ಅಂತಿದ್ದೇನೆ. ದಾವಣಗೆರೆಯ ಅಂಗಡಿಯೊಂದರಲ್ಲಿ '5.1 ಚಾನೆಲ್ ಸೌಂಡ್, ಜೂಮ್ ಮೈಕ್, ವೈಫೈ ಎಲ್ಲಾ ಇದೆ, ನೇರ ಯೂಟ್ಯೂಬ್‌ಗೇ ಬಿಡಬಹುದು' ಅಂದರು. ಬೆಂಗಳೂರು, ಪುಣೆಯಲ್ಲಿರುವ ಊರಿನವರಿಗೆ ಲೈವ್ ತೋರಿಸುವ ಆಸೆಯೂ ಇದೆ. ಅಮೆರಿಕದಲ್ಲಿರುವ ಅಳಿಯ ಅಲ್ಲಿಂದಲೇ ತರುತ್ತೇನೆ ಅನ್ನುತ್ತಾನೆ. ಏನು ನೋಡಿ ಕೊಳ್ಳಲಿ? ಹಳೆಯ ರೆಕಾರ್ಡಿಂಗ್ ಸರಿ ಮಾಡೋಕೆ ದಾರಿ ಇದೆಯಾ?

ಉತ್ತರ: ಮೇಷ್ಟ್ರೇ, ಕೊನೆಯ ಪ್ರಶ್ನೆಗೆ ಕೊನೆಯಲ್ಲೇ ಬರುತ್ತೇನೆ. ಅಲ್ಲಿಯವರೆಗೆ ಆ ಫೈಲ್ ಮಾತ್ರ ಅಳಿಸಬೇಡಿ.

ನಾನು ದಾವಣಗೆರೆಯಲ್ಲಿ ಮದುವೆ, ಸಭೆ, ಜಾತ್ರೆ, ನಾಟಕ ಅಂತ ಮಿನಿ ಡಿವಿ ಕ್ಯಾಸೆಟ್ ಕಾಲದಿಂದ ವಿಡಿಯೋ ಹಿಡಿಯುತ್ತಿದ್ದೇನೆ. ಆಗ ಗಂಟೆಗೊಂದು ಕ್ಯಾಸೆಟ್ ಬದಲಿಸಬೇಕಿತ್ತು. ಇಷ್ಟು ವರ್ಷದಲ್ಲಿ ಗಿರಾಕಿಗಳು ವಾಪಸ್ ಬಂದು ಜಗಳ ಆಡಿದ್ದು ಚಿತ್ರಕ್ಕೆ ಕಡಿಮೆ, ಸದ್ದಿಗೇ ಜಾಸ್ತಿ. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ. ಮಾತು ಕೇಳದಿದ್ದರೆ ಎರಡು ನಿಮಿಷಕ್ಕೆ ಆಫ್ ಮಾಡುತ್ತಾರೆ. ಹಾಗಾಗಿ ಕ್ಯಾಮ್‌ಕಾರ್ಡರ್ ಕೈಗೆ ಕೊಟ್ಟರೆ ನಾನು ಮೊದಲು ಲೆನ್ಸ್ ನೋಡುವುದಿಲ್ಲ, ತೂತು ಹುಡುಕುತ್ತೇನೆ. ಹೊರಗಿನ ಮೈಕ್ ಚುಚ್ಚೋಕೆ ಒಂದು ತೂತು ಇದೆಯಾ? ಹೆಡ್‌ಫೋನ್ ಹಾಕೋಕೆ ಇನ್ನೊಂದಿದೆಯಾ? ಸದ್ದಿನ ಮಟ್ಟವನ್ನು ನಮ್ಮ ಕೈಯಲ್ಲಿ ಇಟ್ಟುಕೊಳ್ಳಬಹುದಾ? ಈ ಮೂರಕ್ಕೂ ಹೌದು ಅಂತ ಬಂದರೆ ಮಾತ್ರ ಬೆಲೆ ಕೇಳುತ್ತೇನೆ. ಯಾಕೆ ಅಂತ ನಿಮ್ಮ ರಾತ್ರಿಯ ಕಥೆಯಿಂದಲೇ ಹೇಳುತ್ತೇನೆ.

ಮದ್ದಳೆ ಬಿದ್ದಾಗ ಪದ ಮುಳುಗುವುದು

ಕ್ಯಾಮರಾದೊಳಗೆ ಸದ್ದನ್ನು ತಾನೇ ಏರಿಸಿ ಇಳಿಸುವ ಒಂದು ಏರ್ಪಾಟು ಇರುತ್ತದೆ. ಆಟೋ ಗೇನ್ ಅಂತಾರೆ, ಎಜಿಸಿ ಅಂತಲೂ ಅಂತಾರೆ. ರೇಡಿಯೋ ಗುಂಡಿಯನ್ನು ಒಬ್ಬ ಹುಡುಗನ ಕೈಗೆ ಕೊಟ್ಟು, 'ಸದ್ದು ಜಾಸ್ತಿಯಾದರೆ ಇಳಿಸು, ಕಡಿಮೆಯಾದರೆ ಏರಿಸು' ಅಂತ ಹೇಳಿ ಕೂರಿಸಿದ ಹಾಗೆ. ಹುಡುಗ ಚುರುಕು. ಆದರೆ ಪದ ಯಾವುದು, ಜನರೇಟರ್ ಯಾವುದು ಅಂತ ಅವನಿಗೆ ಗೊತ್ತಿಲ್ಲ. ಮದ್ದಳೆ ಢಂ ಅಂದ ಕೂಡಲೇ ಗುಂಡಿ ಇಳಿಸುತ್ತಾನೆ. ಅದರ ಜೊತೆ ಭಾಗವತರ ದನಿಯೂ ಇಳಿಯುತ್ತದೆ. ಮದ್ದಳೆ ನಿಂತಿತು, ಸ್ವಲ್ಪ ಹೊತ್ತು ಕಾಯುತ್ತಾನೆ, ಏನೂ ಕೇಳಿಸುತ್ತಿಲ್ಲ ಅಂತ ಪೂರ್ತಿ ಏರಿಸುತ್ತಾನೆ. ಆಗ ಜನರೇಟರ್, ಕೆಮ್ಮು, ಮುಂದೆ ಕೂತವರು ಶೇಂಗಾ ಸುಲಿಯುವ ಸದ್ದು ಎಲ್ಲಾ ಮೇಲೆ ಬರುತ್ತವೆ. ಮಕ್ಕಳ ಹುಟ್ಟುಹಬ್ಬಕ್ಕೆ ಈ ಏರ್ಪಾಟು ಒಳ್ಳೆಯದೇ. ಬಯಲಾಟಕ್ಕೆ, ಡೊಳ್ಳಿಗೆ ಒಗ್ಗುವುದಿಲ್ಲ.

ಅಂಗಡಿಯಲ್ಲಿ ಮೆನು ತೆಗೆಸಿ ನೋಡಿ. 'ಆಡಿಯೋ ಲೆವೆಲ್' ಅಥವಾ 'ಮೈಕ್ ಲೆವೆಲ್' ಅಂತ ಇದ್ದು, ಆಟೋ ಬಿಡಿಸಿ ಕೈಯಲ್ಲಿ ಏರಿಸಿ ಇಳಿಸುವ ಹಾಗಿರಬೇಕು. ಕೆಲವು ಕ್ಯಾಮರಾಗಳಲ್ಲಿ 'ನಾರ್ಮಲ್', 'ಲೋ' ಎಂಬ ಎರಡೇ ಆಯ್ಕೆ ಇರುತ್ತವೆ. ಅದು ಅರ್ಧ ಪರಿಹಾರ. ಪೂರ್ತಿ ಕೈಹಿಡಿತ ಇದ್ದರೆ, ಮದ್ದಳೆಯ ಜೋರು ಪೆಟ್ಟು ಕ್ಯಾಮರಾ ಪರದೆಯ ಸದ್ದಿನ ಮೀಟರ್ ಮೇಲೆ ಮೈನಸ್ 12 ಡೆಸಿಬೆಲ್ (ಡೆಸಿಬೆಲ್ ಅಂದರೆ ಸದ್ದಿನ ಅಳತೆ) ಆಸುಪಾಸಿಗೆ ಬರುವ ಹಾಗೆ ಇಟ್ಟು ಬಿಟ್ಟುಬಿಡಿ. ತೀರಾ ಕಡಿಮೆ ಆಯಿತು ಅನ್ನಿಸುತ್ತದೆ, ಅನ್ನಿಸಲಿ. ರಾತ್ರಿ ಕಳೆದಂತೆ ಮೇಳದ ಕಾವು ಏರುತ್ತದಲ್ಲ, ಹತ್ತು ಗಂಟೆಯ ಮದ್ದಳೆಯೇ ಬೇರೆ, ಎರಡು ಗಂಟೆಯ ಮದ್ದಳೆಯೇ ಬೇರೆ. ಮೀಟರ್ ಸೊನ್ನೆ ಮುಟ್ಟಿತು ಅಂದರೆ ಸದ್ದು ಹರಿಯುತ್ತದೆ. ಸಣ್ಣ ಸದ್ದನ್ನು ಆಮೇಲೆ ಏರಿಸಿಕೊಳ್ಳಬಹುದು, ಹರಿದದ್ದನ್ನು ಹೊಲಿಯೋಕೆ ಆಗುವುದಿಲ್ಲ.

5.1 ಮತ್ತು ಜೂಮ್ ಮೈಕ್

ಅಂಗಡಿಯವರು ಸುಳ್ಳು ಹೇಳಿಲ್ಲ. 5.1 ಅಂದರೆ ಕ್ಯಾಮರಾದ ತಲೆ ಮೇಲಿನ ಪುಟ್ಟ ಮೈಕುಗಳು ಮುಂದೆ, ಹಿಂದೆ, ಅಕ್ಕಪಕ್ಕದ ಸದ್ದನ್ನು ಬೇರೆ ಬೇರೆ ಹಿಡಿಯುತ್ತವೆ. ಮನೆಯಲ್ಲಿ ಆರು ಸ್ಪೀಕರಿನ ಸೆಟ್ ಇದ್ದವರಿಗೆ ಅದರಿಂದ ಸುತ್ತಲೂ ಜಾತ್ರೆ ನೆರೆದ ಹಾಗೆ ಕೇಳುತ್ತದೆ. ನಿಮ್ಮ ಊರಿನವರು ನೋಡುವುದು ಫೋನಿನಲ್ಲಿ. ಅಲ್ಲಿ ಆರೂ ಕಲಸಿ ಒಂದೋ ಎರಡೋ ಆಗುತ್ತವೆ. ಹಿಂದೆ ಕೂತವರ ಹರಟೆಯೂ ಅದರಲ್ಲಿ ಸೇರಿರುತ್ತದೆ. ಅಂಥ ಕ್ಯಾಮರಾ ಕೊಂಡರೂ ಮೆನುವಿನಲ್ಲಿ ಎರಡು ಚಾನೆಲ್ ಸ್ಟೀರಿಯೋಗೆ ಹಾಕಿಬಿಡಿ.

ಜೂಮ್ ಮೈಕ್ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಲೆನ್ಸ್ ದೂರದ ಮುಖವನ್ನು ಹತ್ತಿರ ತರುತ್ತದೆ. ಮೈಕಿಗೆ ಆ ಶಕ್ತಿ ಇಲ್ಲ. ಅದು ಮಾಡುವುದು ಪಕ್ಕದ ಸದ್ದನ್ನು ಸ್ವಲ್ಪ ತಗ್ಗಿಸಿ ಎದುರಿನದನ್ನು ಏರಿಸುವುದು, ಅಷ್ಟೇ. ಬಯಲಿನಲ್ಲಿ ದೂರ ಎರಡರಷ್ಟು ಆದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಭಾಗವತರಿಂದ 1 ಮೀಟರ್ ದೂರದಲ್ಲಿರುವ ಮೈಕಿಗೂ 16 ಮೀಟರ್ ದೂರದ ನಿಮ್ಮ ಕ್ಯಾಮರಾಕ್ಕೂ ಲೆಕ್ಕ ಹಾಕಿ: ಎರಡು, ನಾಲ್ಕು, ಎಂಟು, ಹದಿನಾರು. ನಾಲ್ಕು ಸಲ ಇಳಿದು 24 ಡೆಸಿಬೆಲ್ ಕಡಿಮೆ. ಆದರೆ ಪಕ್ಕದಲ್ಲಿ ಕೆಮ್ಮುವವರು ಕ್ಯಾಮರಾದಿಂದ ಒಂದೇ ಮೀಟರ್ ದೂರ. ಯಾರ ಸದ್ದು ಗೆಲ್ಲುತ್ತದೆ ಹೇಳಿ.

ದೂರದ್ದು ಇನ್ನೊಂದು ತೊಡಕಿದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಪೆಂಡಾಲಿನ ಹಿಂದೆ 30 ಮೀಟರ್ ದೂರದಲ್ಲಿ ಕ್ಯಾಮರಾ ಇಟ್ಟರೆ ಸದ್ದು ತಲುಪುವಾಗ ಸುಮಾರು 0.09 ಸೆಕೆಂಡ್ ತಡ, ಅಂದರೆ ಚಿತ್ರಕ್ಕಿಂತ ಎರಡು ಫ್ರೇಮಿಗೂ (ವಿಡಿಯೋದ ಒಂದೊಂದು ಬಿಡಿ ಚಿತ್ರಕ್ಕೆ ಫ್ರೇಮ್ ಅಂತಾರೆ) ಜಾಸ್ತಿ ಹಿಂದೆ. ವೈರಿನಲ್ಲಿ ಬರುವ ಸದ್ದಿಗೆ ಈ ತಡ ಇಲ್ಲ. ಕ್ಯಾಮರಾದ ಮೈಕ್ ಸದ್ದನ್ನೂ ಮಿಕ್ಸರ್ ಸದ್ದನ್ನೂ ಹಾಗೇ ಬೆರೆಸಿದರೆ ಬಾವಿಯೊಳಗಿಂದ ಹಾಡಿದ ಹಾಗೆ ಕೇಳುವುದು ಇದಕ್ಕೇ.

ಗಾಳಿಯದೂ ಒಂದು ಮಾತು. ನಮ್ಮ ಕಡೆ ಗಾಳಿಗೆ ಬರವಿಲ್ಲ. ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಒಮ್ಮೆ ದುರ್ಗದ ಕೋಟೆ ಹತ್ತಿ, ಮೇಲುದುರ್ಗದಲ್ಲಿ ಒಬ್ಬ ಹಿರಿಯರ ಮಾತು ಹಿಡಿದೆ. 'ವಿಂಡ್ ಕಟ್' ಆನ್ ಇತ್ತು. ಮನೆಗೆ ಬಂದು ಕೇಳಿದರೆ ಬರೀ ಬುರ್ ಬುರ್. ವಿಂಡ್ ಕಟ್ ಗಾಳಿಯನ್ನು ತಡೆಯುವುದಿಲ್ಲ, ತಗ್ಗಿನ ಸ್ವರಗಳನ್ನು ಕತ್ತರಿಸುತ್ತದೆ. ಮದ್ದಳೆಯ ತಗ್ಗು ದನಿಯೂ ಅದರ ಜೊತೆಗೇ ಹೋಗುತ್ತದೆ. ಗಾಳಿಗೆ ಮದ್ದು ಮೈಕಿಗೆ ಹಾಕುವ ಕೂದಲಿನ ಟೋಪಿ. ನೋಡೋಕೆ ಬೆಕ್ಕಿನ ಮರಿ ಹಾಗಿರುತ್ತದೆ, ಕೆಲಸ ಮಾಡುತ್ತದೆ.

ಫೋನಿನಲ್ಲಿ ಸದ್ದು ಮಾಯವಾದ ವೈರು

ನಿಮ್ಮ ಪತ್ರದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು. ಮೈಕ್ ಸೆಟ್ ಹುಡುಗನ ಮೇಲೂ ಕ್ಯಾಮರಾದ ಮೇಲೂ ಸಿಟ್ಟಾಗಬೇಡಿ. ತಪ್ಪು ಆ ವೈರಿನದು.

ಮಿಕ್ಸರ್‌ನಿಂದ ಬರುವ ಮೂರು ಪಿನ್ನಿನ ದಪ್ಪ ಪ್ಲಗ್‌ಗೆ ಎಕ್ಸ್‌ಎಲ್‌ಆರ್ ಅಂತಾರೆ. ಅದರಲ್ಲಿ ಒಂದೇ ಸದ್ದು ಎರಡು ತಂತಿಯಲ್ಲಿ ಹೋಗುತ್ತದೆ. ಒಂದರಲ್ಲಿ ನೇರವಾಗಿ, ಇನ್ನೊಂದರಲ್ಲಿ ತಲೆಕೆಳಗಾಗಿ. ಉದ್ದ ವೈರಿಗೆ ದಾರಿಯಲ್ಲಿ ಕರೆಂಟಿನ ಗುಂಯ್ ಸೇರಿಕೊಂಡರೆ ಎರಡು ತಂತಿಗೂ ಒಂದೇ ಥರ ಸೇರುತ್ತದೆ. ಆ ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಗುಂಯ್ ಹೋಗಿ ಹಾಡು ಉಳಿಯುತ್ತದೆ. ಜಾಣ ಉಪಾಯ. ಆದರೆ ನಿಮ್ಮ ಕ್ಯಾಮರಾದ 3.5 ಮಿಲಿಮೀಟರ್ ತೂತಿಗೆ ಈ ಕಳೆಯುವ ಲೆಕ್ಕ ಬರುವುದಿಲ್ಲ. ಅದು ಒಂದು ತಂತಿಯನ್ನು ಎಡ ಚಾನೆಲ್, ಇನ್ನೊಂದನ್ನು ಬಲ ಚಾನೆಲ್ ಅಂತ ಬರೆದುಕೊಳ್ಳುತ್ತದೆ. ಎಡಕ್ಕೆ ನೇರ ಹಾಡು, ಬಲಕ್ಕೆ ತಲೆಕೆಳಗಿನ ಹಾಡು. ಟಿವಿಯಲ್ಲಿ ಎರಡು ಸ್ಪೀಕರ್ ಇರುವುದರಿಂದ ಪೊಳ್ಳುಪೊಳ್ಳಾಗಿ, ಎಲ್ಲಿಂದಲೋ ಬಂದ ಹಾಗೆ ಕೇಳುತ್ತದೆ. ನೀವು 'ಒಂಥರಾ' ಅಂದದ್ದು ಅದನ್ನೇ. ಒಂದೇ ಸ್ಪೀಕರಿನ ಫೋನ್ ಎಡ ಬಲ ಎರಡನ್ನೂ ಕೂಡಿಸುತ್ತದೆ. ಐದಕ್ಕೆ ಮೈನಸ್ ಐದು ಕೂಡಿಸಿದರೆ ಎಷ್ಟು? ನೀವೇ ಎಷ್ಟೋ ಮಕ್ಕಳಿಗೆ ಕಲಿಸಿರುತ್ತೀರಿ.

ಈ ಸಲ ವೈರ್ ಬೆಸುಗೆ ಹಾಕುವವರ ಹತ್ತಿರ ಹೀಗೆ ಮಾಡಿಸಿ: ಎಕ್ಸ್‌ಎಲ್‌ಆರ್‌ನ ಎರಡನೇ ಪಿನ್ನಿನ ತಂತಿ 3.5 ಪ್ಲಗ್‌ನ ಎಡಕ್ಕೂ ಬಲಕ್ಕೂ ಹೋಗಬೇಕು. ಒಂದನೇ ಪಿನ್ ಅರ್ತ್‌ಗೆ. ಮೂರನೆಯದನ್ನು ಕ್ಯಾಮರಾದ ಕಡೆ ಎಲ್ಲಿಗೂ ಸೇರಿಸಬಾರದು.

ಹುಡುಗ ಗುಂಡಿ ತೀರಾ ಕೆಳಗೆ ಇಟ್ಟದ್ದು ಮಾತ್ರ ಸರಿಯೇ. ಮಿಕ್ಸರ್‌ನಿಂದ ಹೊರಬರುವ ಸದ್ದು ಹತ್ತಿರ ಹತ್ತಿರ 1 ವೋಲ್ಟ್ ಇರುತ್ತದೆ. ಇದಕ್ಕೆ ಲೈನ್ ಲೆವೆಲ್ ಅಂತಾರೆ. ಕ್ಯಾಮರಾದ ಮೈಕ್ ತೂತು ಕಾಯುತ್ತಿರುವುದು ಕೆಲವೇ ಮಿಲಿವೋಲ್ಟ್‌ಗೆ. ಕೊಡದಲ್ಲಿ ಸುರಿದದ್ದನ್ನು ಲೋಟ ಹಿಡಿಯುತ್ತದಾ? ಆದರೆ ಬರೀ ಗುಂಡಿ ನಂಬಿಕೊಂಡರೆ ರಾತ್ರಿ ಮೂರಕ್ಕೆ ಯಾರೋ ಕೈ ಆಡಿಸಿ ಎಲ್ಲಾ ಹರಿದುಹೋಗುತ್ತದೆ. ನಡುವೆ ಒಂದು ಪ್ಯಾಡ್, ಅಂದರೆ ಸದ್ದು ತಗ್ಗಿಸುವ ಅಟೆನ್ಯುಯೇಟರ್ ವೈರ್ ಹಾಕಿ. 40 ಡೆಸಿಬೆಲ್ ಪ್ಯಾಡ್ ವೋಲ್ಟೇಜನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಕೆಲವು ಕ್ಯಾಮರಾಗಳಲ್ಲಿ ಅದೇ ತೂತನ್ನು ಮೆನುವಿನಲ್ಲಿ ಲೈನ್‌ಗೆ ಬದಲಿಸಬಹುದು. ಅಂಥದ್ದು ಸಿಕ್ಕರೆ ಪ್ಯಾಡ್ ಬೇಡ.

ಮಿಕ್ಸರ್‌ಗೆ ವೈರ್ ಹಾಕಿದಾಗ ಕ್ಯಾಮರಾವನ್ನು ಅಡಾಪ್ಟರ್ ಮೇಲೆ ಓಡಿಸಿದರೆ ಗುಂಯ್ ಅನ್ನುವ 50 ಹರ್ಟ್ಸ್ ಸದ್ದು ಬರಬಹುದು. ಎರಡು ಕಡೆಯಿಂದ ಅರ್ತ್ ಸೇರಿ ಸುತ್ತು ಆಗುವುದೇ ಕಾರಣ. ಅಡಾಪ್ಟರ್ ಕಿತ್ತು ಬ್ಯಾಟರಿಗೆ ಬನ್ನಿ, ಹೆಚ್ಚಿನ ಸಲ ಅಲ್ಲಿಗೇ ನಿಲ್ಲುತ್ತದೆ. ಮೈಕ್ ವೈರನ್ನು ಸೀರಿಯಲ್ ಸೆಟ್ ವೈರಿನ ಜೊತೆ ಕಟ್ಟಿ ಎಳೆಯುವ ಅಭ್ಯಾಸವೂ ಬಿಡಬೇಕು. ದಾಟಲೇಬೇಕಾದರೆ ಅಡ್ಡ ದಾಟಿಸಿ.

ಕಿವಿ ಇಲ್ಲದ ಕ್ಯಾಮರಾ

ಹೆಡ್‌ಫೋನ್ ತೂತು ಯಾಕೆ ಇಷ್ಟು ಮುಖ್ಯ ಅಂದರೆ, ನನ್ನದೇ ಒಂದು ಕಥೆ ಕೇಳಿ. ಬಹಳ ವರ್ಷದ ಹಿಂದೆ ಒಂದು ಮದುವೆ. ಮಂತ್ರ, ವಾದ್ಯ ಚೆನ್ನಾಗಿ ಬರಲಿ ಅಂತ ಹೊರಗಿನ ಮೈಕ್ ಹಾಕಿದ್ದೆ. ಪ್ಲಗ್ ಪೂರ್ತಿ ಒಳಗೆ ಹೋಗಿರಲಿಲ್ಲ, ಕೂದಲೆಳೆಯಷ್ಟು ಹೊರಗೆ. ಪ್ಲಗ್ ಹೊಕ್ಕ ಕೂಡಲೇ ಕ್ಯಾಮರಾ ತನ್ನ ಮೈಕನ್ನು ಬಂದ್ ಮಾಡುತ್ತದೆ. ಹೊರಗಿನದು ಸರಿಯಾಗಿ ತಾಗಿಲ್ಲ, ಒಳಗಿನದು ಬಂದ್. ಎರಡೂವರೆ ಗಂಟೆ ಮೂಕ ಚಿತ್ರ. ಆ ಮನೆಯವರು ಇವತ್ತಿಗೂ ಸಿಕ್ಕಿದಾಗ ನಗುತ್ತಾರೆ, ಆವತ್ತು ನಕ್ಕಿರಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿದ್ದರೆ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತಿತ್ತು.

ಮಾದರಿ ನೋಡುವಾಗ ಇದೇ ಜರಡಿ. ಸೋನಿಯ ಎಚ್‌ಡಿಆರ್ ಸಿಎಕ್ಸ್405 ನಮ್ಮ ಕಡೆ ಸುಮಾರು ಮನೆಗಳಲ್ಲಿದೆ. ಚಿಕ್ಕದು, ಹಗುರ, ಜೂಮ್ ಚೆನ್ನಾಗಿದೆ. ಆದರೆ ಮೈಕ್ ತೂತಿಲ್ಲ, ಹೆಡ್‌ಫೋನ್ ತೂತಿಲ್ಲ, ವೈಫೈಯೂ ಇಲ್ಲ. ಅದೇ ಕಂಪನಿಯ ಎಫ್‌ಡಿಆರ್ ಎಎಕ್ಸ್53, 2016ರಲ್ಲಿ ಬಂದದ್ದು, ಮೈಕ್, ಹೆಡ್‌ಫೋನ್ ಎರಡೂ 3.5 ತೂತು ಕೊಟ್ಟಿದೆ. ಪ್ಯಾನಸೋನಿಕ್‌ನ ಎಚ್‌ಸಿ ವಿ785ರಲ್ಲೂ ಎರಡೂ ಇವೆ. ಮನೆಬಳಕೆಯ ಕ್ಯಾಮ್‌ಕಾರ್ಡರ್ ಹೊಸ ಮಾದರಿ ಬರುವುದು ಈಗ ತೀರಾ ಕಡಿಮೆಯಾಗಿದೆ. ಹಳೆ ಸ್ಟಾಕ್ ಅಥವಾ ಸೆಕೆಂಡ್ ಹ್ಯಾಂಡ್ ಸಿಗುವ ಸಾಧ್ಯತೆಯೇ ಜಾಸ್ತಿ. ಸೆಕೆಂಡ್ ಹ್ಯಾಂಡ್ ಆದರೆ ಮೈಕ್ ತೂತಿಗೆ ಪ್ಲಗ್ ಹಾಕಿ ಮೆಲ್ಲಗೆ ತಿರುಗಿಸಿ ಕೇಳಿ. ಕರಕರ ಅಂದರೆ ತೂತು ಸಡಿಲ, ಮುಂದಿನ ಅಂಗಡಿಗೆ ನಡೆಯಿರಿ.

ಅಂಗಡಿಗೆ ಹೋಗುವಾಗ ನಿಮ್ಮ ಹೆಡ್‌ಫೋನ್, ನಿಮ್ಮ ಕಾರ್ಡ್, ಒಂದು ಕಾಲರ್ ಮೈಕ್ ಜೇಬಿನಲ್ಲಿ ಇರಲಿ. ಕ್ಯಾಮರಾ ಮುಂದೆ ಜೋರಾಗಿ ನಾಲ್ಕು ಚಪ್ಪಾಳೆ ತಟ್ಟಿ, ಆಮೇಲೆ ಹತ್ತು ಸೆಕೆಂಡ್ ಸುಮ್ಮನಿರಿ. ಮೌನದಲ್ಲಿ ಫ್ಯಾನ್ ಸದ್ದು ನಿಧಾನಕ್ಕೆ ಏರುತ್ತಾ ಬಂದರೆ ಆಟೋ ಗೇನ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಈಗ ಅದನ್ನು ಆಫ್ ಮಾಡಿ ತೋರಿಸಿ ಅನ್ನಿ. ಮಾರುವವರಿಗೆ ಮೆನು ಸಿಗದಿದ್ದರೆ ಗಾಬರಿ ಬೇಡ, ನೀವೇ ಹುಡುಕಿ. ಸಿಗದೇ ಹೋದರೆ ಇಲ್ಲ ಅಂತಲೇ ತಿಳಿಯಿರಿ.

ನಿಮಗೆ ಇರುವ ದಾರಿಗಳು

ದುಡ್ಡು ಕಡಿಮೆ ಇದ್ದರೆ ತೂತಿಲ್ಲದ ಕ್ಯಾಮರಾ ಆದರೂ ನಡೆಯುತ್ತದೆ, ಜೊತೆಗೆ ಕೈಗೆ ಹಿಡಿಯುವಂಥ ಪುಟ್ಟ ಆಡಿಯೋ ರೆಕಾರ್ಡರ್ ಕೊಳ್ಳಿ. ಜೂಮ್ ಎಚ್1ಎನ್ ಥರದ್ದು. ಹೆಸರು ಜೂಮ್, ಅಂಗಡಿಯವರ ಜೂಮ್ ಮೈಕಿಗೂ ಇದಕ್ಕೂ ಸಂಬಂಧವಿಲ್ಲ. ಅದನ್ನು ಮೇಳದ ಮುಂದೆ ಸ್ಟ್ಯಾಂಡ್ ಮೇಲೆ ಇಟ್ಟು ರಾತ್ರಿಯಿಡೀ ಓಡಿಸಿ. ಶುರುವಿನಲ್ಲಿ ಕ್ಯಾಮರಾಕ್ಕೆ ಕಾಣುವ ಹಾಗೆ ಒಂದು ಚಪ್ಪಾಳೆ ತಟ್ಟಿದರೆ ಆಮೇಲೆ ಕಂಪ್ಯೂಟರಿನಲ್ಲಿ ಎರಡನ್ನೂ ಕೂಡಿಸಬಹುದು. ತೊಂದರೆ ಏನೆಂದರೆ ಎರಡು ಯಂತ್ರದ ಗಡಿಯಾರ ಒಂದೇ ಥರ ಓಡುವುದಿಲ್ಲ. ಹತ್ತು ಲಕ್ಷದಲ್ಲಿ ಇಪ್ಪತ್ತು ಪಾಲಿನ ವ್ಯತ್ಯಾಸ ಇದ್ದರೂ ಗಂಟೆಗೆ 0.07 ಸೆಕೆಂಡ್ ಆಯಿತು, ಅಂದರೆ ಹತ್ತಿರ ಹತ್ತಿರ ಎರಡು ಫ್ರೇಮ್. ಬೆಳಗಿನ ಜಾವಕ್ಕೆ ತುಟಿಗೂ ಪದಕ್ಕೂ ತಾಳ ತಪ್ಪಿರುತ್ತದೆ. ಗಂಟೆಗೊಂದು ಚಪ್ಪಾಳೆ ತಟ್ಟಿ, ತುಂಡು ತುಂಡಾಗಿ ಕೂಡಿಸಿ.

ನಾನು ನಿಮ್ಮ ಜಾಗದಲ್ಲಿದ್ದರೆ ಎರಡು ತೂತಿನ ಕ್ಯಾಮರಾ ಕೊಂಡು, ಸ್ಟೀರಿಯೋ ತೂತಿನ ಎರಡು ಚಾನೆಲ್ಲನ್ನು ಎರಡು ಕೆಲಸಕ್ಕೆ ಹಚ್ಚುತ್ತೇನೆ. ಎರಡು ಮೋನೋ ವೈರನ್ನು ಒಂದು ಸ್ಟೀರಿಯೋ ಪ್ಲಗ್‌ಗೆ ಸೇರಿಸುವ ಸ್ಪ್ಲಿಟರ್ ಸಿಗುತ್ತದೆ. ಎಡ ಚಾನೆಲ್‌ಗೆ ಮಿಕ್ಸರ್ ಸದ್ದು, ಪ್ಯಾಡ್ ಮೂಲಕ. ಬಲ ಚಾನೆಲ್‌ಗೆ ಮೇಳದ ಹತ್ತಿರ ಇಟ್ಟ ನಿಮ್ಮದೇ ಮೈಕ್. ಎರಡೂ ಯಾಕೆ ಬೇಕು ಅಂತೀರಾ? ಮಿಕ್ಸರ್‌ನಲ್ಲಿ ಬರುವುದು ಮೈಕ್ ಸೆಟ್ ಮೂಲಕ ಹೋದದ್ದು ಮಾತ್ರ. ಭಾಗವತರ ದನಿ, ತೂಗು ಮೈಕಿಗೆ ಸಿಕ್ಕ ಮಾತು ಬರುತ್ತವೆ. ಮದ್ದಳೆ ತಾನೇ ಜೋರು, ಅದಕ್ಕೆ ಮೈಕೇ ಇಟ್ಟಿರುವುದಿಲ್ಲ. ಪಾತ್ರಧಾರಿಗಳ ಗೆಜ್ಜೆ, ಜನರ ಕೇಕೆ, ಶಿಳ್ಳೆ ಯಾವುದೂ ಇರುವುದಿಲ್ಲ. ಬರೀ ಮಿಕ್ಸರ್ ಸದ್ದಿನ ಬಯಲಾಟ ಖಾಲಿ ಕೋಣೆಯಲ್ಲಿ ಆಡಿದ ಹಾಗಿರುತ್ತದೆ. ಎರಡು ಬೇರೆ ಬೇರೆ ಹಿಡಿದರೆ ಆಮೇಲೆ ಬೇಕಾದಷ್ಟು ಬೆರೆಸಬಹುದು. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ.

ಆ ಮೈಕಿಗೆ ಕಾಲರ್ ಮೈಕೇ ಸಾಕು. ಬೋಯಾ ಬಿವೈ ಎಂ1 ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತದೆ, 6 ಮೀಟರ್ ವೈರ್ ಇರುತ್ತದೆ. ಅದರ ಡಬ್ಬಿಯೊಳಗೆ ಗುಂಡಿಯಾಕಾರದ ಸೆಲ್ ಇದೆ, ಪಕ್ಕದ ಸ್ವಿಚ್ ಕ್ಯಾಮರಾ ಕಡೆ ಇರಬೇಕು. ಎಷ್ಟೋ ಜನ ಅದನ್ನು ಫೋನ್ ಕಡೆಗೇ ಬಿಟ್ಟು ಮೈಕ್ ಕೆಟ್ಟಿದೆ ಅಂತ ವಾಪಸ್ ತರುತ್ತಾರೆ. ಹಾಡುವವರು ಕೈಯಲ್ಲಿ ಹಿಡಿಯುವ ಡೈನಾಮಿಕ್ ಮೈಕನ್ನು ನೇರ ಕ್ಯಾಮರಾಕ್ಕೆ ಹಾಕಿದರೆ ಸದ್ದು ಬಹಳ ಸಣ್ಣದು, ಏರಿಸಿದರೆ ಸುಸ್ ಅನ್ನುತ್ತದೆ. ವೈರ್‌ಲೆಸ್ ಮೈಕ್ ಅನುಕೂಲ, ನಿಜ. ಆದರೆ ಈಗ ಮಾರುವ ಸಣ್ಣ ಸೆಟ್‌ಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್‌ನಲ್ಲಿ ಓಡುತ್ತವೆ. ವೈಫೈ, ಬ್ಲೂಟೂತ್ ಇರುವುದೂ ಅಲ್ಲೇ. ಎಲ್ಲರ ಜೇಬಿನಲ್ಲೂ ಫೋನ್ ಇರುವ ಬಯಲಿನಲ್ಲಿ, ಎಂಟು ಗಂಟೆ, ನಾನು ವೈರನ್ನೇ ನಂಬುತ್ತೇನೆ.

ಲಕ್ಷ ದಾಟುವ, ಎಕ್ಸ್‌ಎಲ್‌ಆರ್ ತೂತಿರುವ ವೃತ್ತಿಯವರ ಕ್ಯಾಮರಾ ನಿಮಗೆ ಬೇಡ. ಬೇಕೆನಿಸಿದರೆ ಒಂದು ರಾತ್ರಿಗೆ ಬಾಡಿಗೆಗೆ ತನ್ನಿ. ಫೋನಿನಲ್ಲೇ ಹಿಡಿದರೆ ಆಗದಾ ಅಂತ ಮೊಮ್ಮಕ್ಕಳು ಕೇಳುತ್ತಾರೆ. ಒಂದು ಪದಕ್ಕೆ ಆಗುತ್ತದೆ. ರಾತ್ರಿಯಿಡೀ ಆದರೆ ಬಿಸಿಯಾಗುತ್ತದೆ, ಜಾಗ ತುಂಬುತ್ತದೆ, ನಡುವೆ ಯಾರೋ ಫೋನ್ ಮಾಡುತ್ತಾರೆ.

ವೈಫೈ ಮತ್ತು ಲೈವ್

ಕ್ಯಾಮ್‌ಕಾರ್ಡರ್‌ನ ವೈಫೈ ಅಂದರೆ ಇಂಟರ್ನೆಟ್ ಅಂತ ತಿಳಿಯುವವರು ಜಾಸ್ತಿ. ಹೆಚ್ಚಿನವುಗಳಲ್ಲಿ ಕ್ಯಾಮರಾ ತಾನೇ ಒಂದು ಪುಟ್ಟ ವೈಫೈ ಹಬ್ಬಿಸುತ್ತದೆ, ನಿಮ್ಮ ಫೋನ್ ಅದಕ್ಕೆ ಸೇರುತ್ತದೆ. ಅಷ್ಟರಿಂದ ಎರಡು ಕೆಲಸ. ಫೋನಿನಲ್ಲಿ ಚಿತ್ರ ನೋಡುತ್ತಾ ರೆಕಾರ್ಡ್ ಶುರು, ನಿಲುಗಡೆ, ಜೂಮ್ ಮಾಡಬಹುದು. ಚಿಕ್ಕ ತುಣುಕನ್ನು ಫೋನಿಗೆ ಇಳಿಸಿಕೊಳ್ಳಬಹುದು. ಕ್ಯಾಮರಾವನ್ನು ಎತ್ತರದ ಅಟ್ಟದ ಮೇಲೆ ಇಟ್ಟಾಗ ಮೊದಲನೆಯದು ಒಳ್ಳೆಯ ಅನುಕೂಲ, ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ ಅಷ್ಟೇ. ಸದ್ದು ಸರಿಯಿದೆಯಾ ಅಂತ ಮಾತ್ರ ಫೋನ್ ನೋಡಿ ತೀರ್ಮಾನಿಸಬೇಡಿ, ಕಿವಿ ಕ್ಯಾಮರಾದ ತೂತಿಗೇ ಇರಲಿ.

ಇಡೀ ರಾತ್ರಿಯನ್ನು ವೈಫೈಯಲ್ಲಿ ಇಳಿಸುವ ಮಾತು ಬಿಡಿ. ಸೆಕೆಂಡಿಗೆ 24 ಮೆಗಾಬಿಟ್‌ನಲ್ಲಿ ಹಿಡಿದ ಒಂದು ಗಂಟೆಯ ವಿಡಿಯೋ ಸುಮಾರು 11 ಜಿಬಿ, ಎಂಟು ಗಂಟೆಗೆ 86 ಜಿಬಿ. ವೈಫೈಗೆ ನಿಜವಾಗಿ 20 ಮೆಗಾಬಿಟ್ ವೇಗ ಸಿಕ್ಕರೆ ಒಂದು ಗಂಟೆಯದ್ದು ಇಳಿಯೋಕೆ 72 ನಿಮಿಷ. ಆಟಕ್ಕಿಂತ ಇಳಿಸುವುದೇ ಉದ್ದ! ಕಾರ್ಡ್ ತೆಗೆದು ಒಳ್ಳೆಯ ಕಾರ್ಡ್ ರೀಡರ್‌ಗೆ ಹಾಕಿದರೆ ಕೆಲವೇ ನಿಮಿಷ. 128 ಜಿಬಿಯ ಒಂದು ಕಾರ್ಡ್ ತನ್ನಿ. ಉದ್ದ ರೆಕಾರ್ಡಿಂಗನ್ನು ಕ್ಯಾಮರಾ ಹಲವು ಫೈಲ್‌ಗಳಾಗಿ ಮುರಿದು ಇಡುತ್ತದೆ, ಹೆದರಬೇಡಿ. ಜೋಡಿಸುವಾಗ ಆ ಕಂಪನಿಯದೇ ಸಾಫ್ಟ್‌ವೇರ್ ಬಳಸಿ, ಇಲ್ಲದಿದ್ದರೆ ಕೀಲಿನ ಜಾಗದಲ್ಲಿ ಸದ್ದು ಟಕ್ ಅನ್ನಬಹುದು.

'ನೇರ ಯೂಟ್ಯೂಬ್‌ಗೆ' ಅನ್ನುವ ಮಾತನ್ನು ನಂಬಿ ದುಡ್ಡು ಕೊಡಬೇಡಿ. ಕ್ಯಾಮರಾ ಒಳಗಿನ ಲೈವ್ ಸೌಲಭ್ಯ ಯಾವುದೋ ಒಂದು ಸೇವೆಗೆ ಕಟ್ಟುಬಿದ್ದಿರುತ್ತದೆ. ಕ್ಯಾಮರಾ ಉಳಿದರೂ ಸೇವೆ ಉಳಿಯುವುದಿಲ್ಲ. ಒಂದು ಕಾಲಕ್ಕೆ ಹ್ಯಾಂಡಿಕ್ಯಾಮ್‌ಗಳು ಯೂಸ್ಟ್ರೀಮ್‌ಗೆ ಲೈವ್ ಕಳಿಸುತ್ತಿದ್ದವು. ಆ ಕಂಪನಿಯನ್ನು 2016ರಲ್ಲಿ ಐಬಿಎಂ ಕೊಂಡುಕೊಂಡಿತು, ಹೆಸರೂ ಬದಲಾಯಿತು. ಬಾಳುವುದು ಎಚ್‌ಡಿಎಂಐ ತೂತು, ಅಂದರೆ ಚಿತ್ರ, ಸದ್ದು ಎರಡನ್ನೂ ಟಿವಿಗೆ ಕಳಿಸುವ ತೂತು. ಅದರಿಂದ ಕ್ಯಾಮರಾದ ಚಿತ್ರವನ್ನು ಕಂಪ್ಯೂಟರಿಗೆ ಒಳತರುವ ಕ್ಯಾಪ್ಚರ್ ಕಾರ್ಡ್, ಅಲ್ಲಿಂದ ಲ್ಯಾಪ್‌ಟಾಪ್, ಅದರಲ್ಲಿ ಲೈವ್ ಕಳಿಸೋಕೆ ಉಚಿತವಾಗಿ ಸಿಗುವ ಒಬಿಎಸ್ ಸಾಫ್ಟ್‌ವೇರ್. ನೀವು ಕ್ಯಾಮರಾಕ್ಕೆ ಹಾಕಿದ ಮೈಕಿನ ಸದ್ದೂ ಅದೇ ಎಚ್‌ಡಿಎಂಐ ವೈರಿನಲ್ಲಿ ಹೋಗುತ್ತದೆ. ಇಲ್ಲೂ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ: ಕ್ಯಾಮರಾವನ್ನು ಟಿವಿಗೆ ಹಾಕಿಸಿ. ಬ್ಯಾಟರಿ ಗುರುತು, ಕೆಂಪು ಚುಕ್ಕೆ ಎಲ್ಲಾ ಟಿವಿಯಲ್ಲಿ ಕಂಡರೆ ಅವನ್ನು ಮರೆಮಾಡುವ ಆಯ್ಕೆ ತೋರಿಸಿ ಅನ್ನಿ. ಇಲ್ಲದಿದ್ದರೆ ಪುಣೆಯವರು ರಾತ್ರಿಯಿಡೀ ನಿಮ್ಮ ಬ್ಯಾಟರಿ ನೋಡುತ್ತಾರೆ. ಈ ಕ್ಯಾಮರಾಗಳಲ್ಲಿ ಸಾಮಾನ್ಯವಾಗಿ ಇರುವುದು ಪುಟ್ಟ ಮೈಕ್ರೋ ಎಚ್‌ಡಿಎಂಐ. ಬಹಳ ನಾಜೂಕು. ಯಾರಾದರೂ ವೈರ್ ಎಡವಿದರೆ ತೂತೇ ಕಿತ್ತು ಬರುತ್ತದೆ. ವೈರನ್ನು ಟ್ರೈಪಾಡ್ ಕಾಲಿಗೆ ಕಟ್ಟಿ.

ಇನ್ನು ನೆಟ್. 4 ಮೆಗಾಬಿಟ್‌ನಲ್ಲಿ ಕಳಿಸಿದರೆ ಗಂಟೆಗೆ 1.8 ಜಿಬಿ ಬೇಕು. ದಿನಕ್ಕೆ 2 ಜಿಬಿ ಪ್ಯಾಕ್ ಗಣಪತಿ ಸ್ತುತಿ ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಮುಗಿದಿರುತ್ತದೆ. ಊರಿನ ಜನವೆಲ್ಲ ಒಂದೇ ಬಯಲಿನಲ್ಲಿ ಸೇರಿದಾಗ ಟವರ್ ಕೂಡ ಸುಸ್ತಾಗುತ್ತದೆ. ಹಿಂದಿನ ದಿನ ಅಲ್ಲ, ಯಾವುದಾದರೂ ಜಾತ್ರೆಯ ರಾತ್ರಿ ಅದೇ ಜಾಗದಲ್ಲಿ ಅಪ್‌ಲೋಡ್ ವೇಗ ನೋಡಿಕೊಳ್ಳಿ. ಯೂಟ್ಯೂಬ್ ಚಾನೆಲ್‌ನಲ್ಲಿ ಮೊದಲ ಸಲ ಲೈವ್ ಚಾಲೂ ಮಾಡೋಕೆ 24 ಗಂಟೆವರೆಗೂ ಹಿಡಿಯಬಹುದು, ಫೋನಿನಿಂದ ಲೈವ್ ಬಿಡಬೇಕಾದರೆ 50 ಚಂದಾದಾರರು ಬೇಕು. ಆಟದ ದಿನ ಸಂಜೆ ಕೂತರೆ ಕೈಕೊಡುತ್ತದೆ. ನನ್ನ ಸಲಹೆ: ಶುರುವಿನ ಒಂದು ಗಂಟೆ ಮಾತ್ರ ಲೈವ್ ಬಿಡಿ. ಉಳಿದದ್ದು ಕಾರ್ಡಿನಲ್ಲಿ ಚೆನ್ನಾಗಿ ಬರಲಿ, ವಾರದಲ್ಲಿ ಹಾಕಿದರಾಯಿತು. ಲೈವ್ ನಡೆಯುವಾಗಲೂ ಕ್ಯಾಮರಾದ ಕಾರ್ಡಿನಲ್ಲಿ ರೆಕಾರ್ಡ್ ಆಗುತ್ತಲೇ ಇರಬೇಕು.

ಅಳಿಯಂದಿರ ಕ್ಯಾಮರಾ ವಿಷಯ. ಅಮೆರಿಕದ್ದು ಅವರ 60 ಹರ್ಟ್ಸ್ ಕರೆಂಟಿಗೆ ಹೊಂದುವ ಹಾಗೆ ಸೆಕೆಂಡಿಗೆ 30 ಅಥವಾ 60 ಫ್ರೇಮ್ ಹಿಡಿಯುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟ್, ಕೆಲವು ಎಲ್‌ಇಡಿ ದೀಪಗಳ ಕೆಳಗೆ ಚಿತ್ರ ಮಿಣುಕಬಹುದು. ಎರಡಕ್ಕೂ ಬದಲಾಗುವ ಮಾದರಿ ಆದರೆ ತರಿಸಿ, ಇಲ್ಲದಿದ್ದರೆ ಬೇಡ. ವಾರಂಟಿ ಇಲ್ಲಿ ನಡೆಯುತ್ತದಾ ಅಂತಲೂ ಮೊದಲೇ ಕೇಳಿಕೊಳ್ಳಲಿ.

ಈಗ ಹೋದ ವರ್ಷದ ಫೈಲ್. ಮೊದಲರ್ಧದಲ್ಲಿ ಮದ್ದಳೆಗೆ ಮುಳುಗಿದ ಪದವನ್ನು ಪೂರ್ತಿ ಎತ್ತೋಕೆ ಆಗುವುದಿಲ್ಲ. ಆಟೋ ಗೇನ್ ಇಳಿಸಿದ ಕಡೆ ಕೈಯಲ್ಲಿ ಏರಿಸಿ ಸ್ವಲ್ಪ ಸಮ ಮಾಡಬಹುದು, ಅಷ್ಟೇ. ಎರಡನೇ ಅರ್ಧ ಮಾತ್ರ ಸುರಕ್ಷಿತವಾಗಿದೆ. ಯಾವ ಎಡಿಟಿಂಗ್ ಸಾಫ್ಟ್‌ವೇರ್ ಆದರೂ ಸರಿ, ಆಡಿಯೋದ ಎಡ ಬಲ ಚಾನೆಲ್ ಬೇರೆ ಮಾಡಿ, ಬಲದ್ದನ್ನು ಅಳಿಸಿ, ಎಡದ್ದನ್ನೇ ಎರಡೂ ಕಡೆಗೆ ಹಾಕಬೇಕು. ಕಂಪ್ಯೂಟರ್ ಗೊತ್ತಿರುವ ಹುಡುಗರಿಗೆ ಐದು ನಿಮಿಷದ ಕೆಲಸ. ಮೂಲ ಫೈಲಿನ ಒಂದು ನಕಲು ಬೇರೆ ಡಿಸ್ಕ್‌ನಲ್ಲಿ ಇಟ್ಟು ಶುರು ಮಾಡಲಿ. ಮುಗಿದ ಮೇಲೆ ನಿಮ್ಮ ಅದೇ ಫೋನಿಗೆ ಹಾಕಿ ಕೇಳಿ. ಭಾಗವತರ ದನಿ ಬರುತ್ತದೆ.